ಕೊಟ್ಟವನ ಮೇಲೆ ಕಣ್ಣು, ಕಾಯುವವನ ಮೇಲೆ ನಂಬಿಕೆ

ಶಬರಿಮಲೆ ಅಯ್ಯಪ್ಪ ದೇವಸ್ಥಾನದ ಚಿನ್ನ ಕಾಣೆಯಾದ ಪ್ರಕರಣ 2025ರ ಸೆಪ್ಟೆಂಬರ್‌ನಿಂದ ಸುದ್ದಿಯಲ್ಲಿದೆ. ಪ್ರಕರಣ ಕೇರಳದ್ದಾದರೂ ಅದರ ಎಳೆಗಳು ಬೆಂಗಳೂರಿಗೂ ಬಳ್ಳಾರಿಗೂ ಬಂದು ಮುಟ್ಟಿವೆ. ವರ್ಷವರ್ಷವೂ ಮಾಲೆ ಧರಿಸಿ ಆ ಬೆಟ್ಟ ಹತ್ತುವ ಕನ್ನಡಿಗರೂ ಕಡಿಮೆಯಿಲ್ಲ. ಹಾಗಾಗಿ ಇಲ್ಲಿನ ಓದುಗರೂ ಇದನ್ನು ಆಸಕ್ತಿಯಿಂದ ಓದುತ್ತಿದ್ದಾರೆ, ಮತ್ತು ಓದುವಾಗ ಒಂದು ಹೆಸರಿನ ಬಳಿ ಬಂದು ತಡವರಿಸುತ್ತಿದ್ದಾರೆ. ಕಾಣೆಯಾಗಿದೆ ಎನ್ನಲಾದ ಚಿನ್ನದ ಮೂಲ ದಾನಿ ವಿಜಯ್ ಮಲ್ಯ.

ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಾಕಿ ಉಳಿಸಿ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟವರು ಈ ಕಥೆಯಲ್ಲಿ ಕೊಟ್ಟವರ ಸ್ಥಾನದಲ್ಲಿದ್ದಾರೆ. ಆರೋಪಿಗಳ ಸ್ಥಾನದಲ್ಲಿ ಇರುವವರು ದೇವಸ್ಥಾನವನ್ನು ನೋಡಿಕೊಳ್ಳಲು ನೇಮಕಗೊಂಡವರು. ಕೆಲವರಿಗೆ ಇದು ಮಲ್ಯರನ್ನು ಮರಳಿ ಒಳ್ಳೆಯವರನ್ನಾಗಿ ಮಾಡಲು ಸಾಕಾಗಿದೆ. ಇನ್ನು ಕೆಲವರು, ಕದ್ದ ಹಣದ ಚಿನ್ನ ಕಳುವಾದರೆ ಅಳುವುದೇಕೆ ಎಂದು ಕೈ ತೊಳೆದುಕೊಂಡಿದ್ದಾರೆ. ಎರಡೂ ಅವಸರದ ತೀರ್ಮಾನಗಳು. ವಿವಾದಿತ ವ್ಯಕ್ತಿ ಒಳ್ಳೆಯ ಕೆಲಸ ಮಾಡಿದಾಗ ಜನರಿಗೆ ಅನುಮಾನ ಬರುವುದು ಸಹಜ, ಬರಲೂ ಬೇಕು. ಆದರೆ ಆ ಅನುಮಾನವೆಲ್ಲ ಕೊಟ್ಟವನ ಮನಸ್ಸಿನ ಮೇಲೆಯೇ ಖರ್ಚಾಗಿ, ಪಡೆದವರ ಲೆಕ್ಕಪುಸ್ತಕದ ಹತ್ತಿರ ಹೋಗುವ ಹೊತ್ತಿಗೆ ಮುಗಿದುಹೋಗಿರುತ್ತದೆ.

ಶಬರಿಮಲೆಯಲ್ಲಿ ನಡೆದದ್ದು

1998ರಲ್ಲಿ ಮಲ್ಯ ನೇತೃತ್ವದ ಯುಬಿ ಸಮೂಹ ಶಬರಿಮಲೆಯ ಗರ್ಭಗುಡಿಯ ಮಾಡು ಮತ್ತಿತರ ಭಾಗಗಳಿಗೆ ಚಿನ್ನದ ಹೊದಿಕೆ ಮಾಡಿಸಿಕೊಟ್ಟಿತು. ಅದಕ್ಕೆ ಬಳಕೆಯಾದದ್ದು ಸುಮಾರು 30 ಕಿಲೋ ಚಿನ್ನ ಮತ್ತು 1,900 ಕಿಲೋ ತಾಮ್ರ. ತಾಮ್ರದ ತಗಡಿನ ಮೇಲೆ ಚಿನ್ನ ಹೊದಿಸುವ ಕೆಲಸವಾದ್ದರಿಂದ ಎರಡೂ ಲೋಹ ಬೇಕಾಗಿದ್ದವು. ಈ ಸಣ್ಣ ತಾಂತ್ರಿಕ ವಿವರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಎಲ್ಲವೂ ಅದರ ಸುತ್ತಲೇ ತಿರುಗುತ್ತದೆ.

2019ರಲ್ಲಿ ದ್ವಾರಪಾಲಕ ವಿಗ್ರಹಗಳ ಹೊದಿಕೆಯನ್ನು ಮರುಲೇಪನಕ್ಕೆಂದು ಬಿಚ್ಚಲಾಯಿತು. ಆ ಕೆಲಸದ ಖರ್ಚು ವಹಿಸಿಕೊಳ್ಳುತ್ತೇನೆಂದು ಮುಂದೆ ಬಂದವರು ಬೆಂಗಳೂರಿನಲ್ಲಿ ನೆಲೆಸಿದ್ದ ಒಬ್ಬ ಪ್ರಾಯೋಜಕರು. ತಗಡುಗಳನ್ನು ಅವರ ಕೈಗೆ ಕೊಡುವಾಗ, ದೇವಸ್ಥಾನದ ಆಡಳಿತ ನಡೆಸುವ ತಿರುವಾಂಕೂರು ದೇವಸ್ವಂ ಮಂಡಳಿಯ ದಾಖಲೆಯಲ್ಲಿ ಬರೆದದ್ದು ‘ತಾಮ್ರದ ತಗಡು’ ಎಂದು. ಚಿನ್ನದ ಮಾತೇ ಅಲ್ಲಿ ಇರಲಿಲ್ಲ. ಅವು ಚೆನ್ನೈನ ಲೇಪನ ಘಟಕವನ್ನು ಮುಟ್ಟಿದ್ದು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಹೊರಟಾಗ 42.8 ಕಿಲೋ ಇದ್ದದ್ದು ಅಲ್ಲಿ ತೂಗಿದಾಗ ಸುಮಾರು 38.3 ಕಿಲೋಗೆ ಇಳಿದಿತ್ತು. ಆರು ವರ್ಷ ಈ ನಾಲ್ಕೂವರೆ ಕಿಲೋ ವ್ಯತ್ಯಾಸವನ್ನು ಯಾರೂ ಕೇಳಲಿಲ್ಲ.

2025ರಲ್ಲಿ ಹೊದಿಕೆಯನ್ನು ಮತ್ತೆ ದುರಸ್ತಿಗೆಂದು ಬಿಚ್ಚಿ ಕೊಂಡೊಯ್ದಾಗ, ನಿಯಮದ ಪ್ರಕಾರ ಶಬರಿಮಲೆಯ ವಿಶೇಷ ಆಯುಕ್ತರಿಗೆ ತಿಳಿಸಿರಲಿಲ್ಲ. ಆ ಲೋಪದ ಬಗ್ಗೆ ಕೇರಳ ಹೈಕೋರ್ಟ್ ವಿಚಾರಿಸುತ್ತ ಹೋದಂತೆ 2019ರ ತೂಕದ ಕಥೆ ಹೊರಬಂತು. ನ್ಯಾಯಾಲಯ ವಿಶೇಷ ತನಿಖಾ ತಂಡವನ್ನು ನೇಮಿಸಿತು. ಪ್ರಾಯೋಜಕರ ಬಂಧನವಾಯಿತು, ಮಂಡಳಿಯ ಅಧಿಕಾರಿಗಳು ಮತ್ತು ಇಬ್ಬರು ಮಾಜಿ ಅಧ್ಯಕ್ಷರೂ ಬಂಧಿತರಾದರು. ಬಳ್ಳಾರಿಯ ಆಭರಣ ವ್ಯಾಪಾರಿಯೊಬ್ಬರಿಂದ ಒಂದಿಷ್ಟು ಚಿನ್ನ ವಶವಾಯಿತು. ಇವೆಲ್ಲ ಆರೋಪಗಳು, ನ್ಯಾಯಾಲಯದಲ್ಲಿ ಸಾಬೀತಾಗಬೇಕು. ಆದರೆ ಚಿನ್ನ ಹೊದಿಸಿದ ತಗಡು ಕಾಗದದ ಮೇಲೆ ತಾಮ್ರವಾಯಿತು ಎಂಬುದನ್ನು ತಿಳಿಯಲು ಅಂತಿಮ ತೀರ್ಪಿಗೆ ಕಾಯಬೇಕಿಲ್ಲ.

ಕೊಡುಗೈ ಮತ್ತು ಕ್ಯಾಮೆರಾ

ಮಲ್ಯರ ಹೆಸರು ಕಂಡ ಕೂಡಲೇ ಜನ ಮೂಗು ಮುರಿಯುವುದಕ್ಕೆ ಹಿಂದಿನ ಕಾರಣಗಳಿವೆ. ಅವರ ದಾನಧರ್ಮಗಳಲ್ಲಿ ಹೆಚ್ಚಿನವು ಸದ್ದಿನೊಂದಿಗೇ ಬಂದವು.

2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಖಡ್ಗವನ್ನು ಅವರು ಸುಮಾರು 1.75 ಲಕ್ಷ ಪೌಂಡ್‌ಗೆ ಕೊಂಡರು. ಮೈಸೂರಿನ ಮಾನ ಮರಳಿ ಬಂತೆಂದು ಕೆಲವರು ಸಂಭ್ರಮಿಸಿದರು. ಮಲ್ಯ ಆಗ ಜನತಾ ಪಕ್ಷದ ಮುಂಚೂಣಿಯಲ್ಲಿದ್ದರು, 2004ರ ಚುನಾವಣೆ ಎದುರಿಗಿತ್ತು ಎಂಬುದನ್ನು ಬೇರೆ ಕೆಲವರು ಎತ್ತಿ ತೋರಿಸಿದರು. 2018ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಅವರ ಆಸ್ತಿಗಳ ವಿಚಾರಣೆ ನಡೆದಾಗ, ಖಡ್ಗ ಅಪಶಕುನ ಎಂದು ಮನೆಯವರು ಹೇಳಿದ್ದರಿಂದ 2016ರಲ್ಲೇ ಅದನ್ನು ಕೊಟ್ಟುಬಿಟ್ಟರೆಂಬ ಮಾಹಿತಿ ಬಂತು. ನಾಡಿನ ಆಸ್ತಿ ಎಂದು ಮೆರವಣಿಗೆ ಕಂಡ ವಸ್ತು ಕೊನೆಯವರೆಗೂ ಒಬ್ಬರ ಸ್ವಂತ ಆಸ್ತಿಯಾಗಿಯೇ ಇತ್ತು. ಯಾವುದಾದರೂ ಸಾರ್ವಜನಿಕ ವಸ್ತುಸಂಗ್ರಹಾಲಯದ ದಾಖಲೆಗೆ ಅದು ಸೇರಿದ್ದರೆ ಅಪಶಕುನದ ಮಾತು ಅದನ್ನು ಅಲ್ಲಿಂದ ಅಲುಗಿಸುತ್ತಿರಲಿಲ್ಲ.

2009ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಗಾಂಧೀಜಿಯ ಕನ್ನಡಕ, ಜೇಬುಗಡಿಯಾರ, ಚಪ್ಪಲಿ, ಊಟದ ತಟ್ಟೆ ಮತ್ತು ಬಟ್ಟಲು ನ್ಯೂಯಾರ್ಕ್‌ನಲ್ಲಿ ಹರಾಜಿಗೆ ಬಂದವು. ಭಾರತದಲ್ಲಿ ಪ್ರತಿಭಟನೆ ಎದ್ದಿತು, ದೆಹಲಿ ಹೈಕೋರ್ಟ್ ತಡೆಯಾಜ್ಞೆ ನೀಡಿತು. ಮಾರಾಟಗಾರ ಜೇಮ್ಸ್ ಓಟಿಸ್, ಭಾರತ ಸರ್ಕಾರ ಬಡವರಿಗಾಗಿ ಹೆಚ್ಚು ಹಣ ಖರ್ಚು ಮಾಡುವುದಾದರೆ ವಸ್ತುಗಳನ್ನು ಹಿಂಪಡೆಯುತ್ತೇನೆಂದು ಷರತ್ತು ಹಾಕಿದರು. ಯಾವುದೂ ಕೈಗೂಡದೆ ಹರಾಜು ನಡೆದೇ ಹೋಯಿತು. 18 ಲಕ್ಷ ಡಾಲರ್‌ಗೆ, ಆಗಿನ ಲೆಕ್ಕದಲ್ಲಿ ಸುಮಾರು 9 ಕೋಟಿ ರೂಪಾಯಿಗೆ, ಕೊಂಡವರು ದೇಶದ ಅತಿ ದೊಡ್ಡ ಮದ್ಯೋದ್ಯಮಿ ಮಲ್ಯ. ಪಾನನಿರೋಧಕ್ಕಾಗಿ ಬದುಕಿಡೀ ವಾದಿಸಿದವರ ಊಟದ ತಟ್ಟೆಯನ್ನು ಹೆಂಡದ ಲಾಭ ಉಳಿಸಿತು! ಅಂದಿನ ಸಂಸ್ಕೃತಿ ಸಚಿವೆ ಅಂಬಿಕಾ ಸೋನಿ ಅವರು ಇದರಲ್ಲಿ ಸರ್ಕಾರದ ಪಾತ್ರವೂ ಇದೆಯೆಂದು ಹೇಳಿಕೊಂಡದ್ದು ಈ ಪ್ರಹಸನದ ಕೊನೆಯ ಅಂಕ. ಸರ್ಕಾರ ಮಾಡಬೇಕಾದ ಕೆಲಸವನ್ನು ಸರ್ಕಾರ ಮಾಡದೆ ಉಳಿದಾಗ, ಅದನ್ನು ಮಾಡಿದವನ ಹಣದ ಬಣ್ಣ ಕೇಳುವ ಧೈರ್ಯ ಯಾರಿಗೂ ಉಳಿಯುವುದಿಲ್ಲ.

ಜನರ ಸಹನೆ ನಿಜವಾಗಿ ಕಡಿದದ್ದು 2012ರಲ್ಲಿ. ಅಕ್ಟೋಬರ್‌ನಲ್ಲಿ ಮಲ್ಯರ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಹಾರಾಟ ನಿಂತಿತು, ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಡಿಸೆಂಬರ್‌ನಲ್ಲಿ, ತಮ್ಮ 57ನೆಯ ಹುಟ್ಟುಹಬ್ಬದ ಹೊತ್ತಿಗೆ, ಮಲ್ಯ ತಿರುಮಲದ ತಿಮ್ಮಪ್ಪನಿಗೆ 3 ಕಿಲೋ ಚಿನ್ನ ಅರ್ಪಿಸಿದರು.

ಶಬರಿಮಲೆಯ 30 ಕಿಲೋಗೆ ಬಾರದ ಸಿಟ್ಟು ತಿರುಮಲದ 3 ಕಿಲೋಗೆ ಬಂತು. ಜನ ದಾನದ ಗಾತ್ರವನ್ನು ಅಳೆಯುವುದಿಲ್ಲ, ಆ ದಿನ ಬಾಗಿಲ ಹೊರಗೆ ಯಾರು ಕಾಯುತ್ತಿದ್ದರು ಎಂಬುದನ್ನು ನೋಡುತ್ತಾರೆ.

ಏನೂ ಮಾಡದವನಿಗಿಂತ ಕೆಟ್ಟವನು

ಸಾಮಾನ್ಯ ತರ್ಕದ ಪ್ರಕಾರ ಸ್ವಾರ್ಥಕ್ಕಾಗಿಯಾದರೂ ಒಳ್ಳೆಯದು ಮಾಡಿದವನು, ಏನೂ ಮಾಡದೆ ಕೂತ ಸ್ವಾರ್ಥಿಗಿಂತ ಒಂದು ಗುಂಜಿಯಷ್ಟಾದರೂ ಮೇಲಾಗಬೇಕು. ಜನರ ಮನಸ್ಸು ಹಾಗೆ ಕೆಲಸ ಮಾಡುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾರ್ಜ್ ನ್ಯೂಮನ್ ಮತ್ತು ಡೇಲಿಯನ್ ಕೇನ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಒಬ್ಬ ಯುವತಿಯ ಮನ ಗೆಲ್ಲುವ ಆಸೆಯಿಂದ ಅವಳು ಕೆಲಸ ಮಾಡುವ ನಿರಾಶ್ರಿತರ ಕೇಂದ್ರದಲ್ಲಿ ಸೇವೆಗೆ ನಿಂತ ವ್ಯಕ್ತಿಯನ್ನು, ಅದೇ ಆಸೆಯಿಂದ ಕಾಫಿ ಅಂಗಡಿಯಲ್ಲಿ ದುಡಿದವನಿಗಿಂತ ಕೆಳಗೆ ಜನ ಇಟ್ಟರು. ನಿರಾಶ್ರಿತರಿಗೆ ಅವನಿಂದ ಉಪಕಾರವಾಗಿದ್ದರೂ ಅವರ ತೀರ್ಪು ಅದೇ ಆಗಿತ್ತು. ಕಾಫಿ ಅಂಗಡಿಯವನು ಯಾರಿಗೂ ಉಪಕಾರ ಮಾಡಲಿಲ್ಲ ಎಂದು ನೆನಪಿಸಿದಾಗ ಮಾತ್ರ ಅವರ ತೀರ್ಪು ಸ್ವಲ್ಪ ಮೆತ್ತಗಾಯಿತು.

ಕಾರಣ ಹೀಗೆ. ಕಾಫಿ ಅಂಗಡಿಯವನನ್ನು ನಾವು ಯಾರೊಂದಿಗೂ ಹೋಲಿಸುವುದಿಲ್ಲ. ಸೇವೆಗೆ ನಿಂತವನನ್ನು ಮಾತ್ರ ನಿಃಸ್ವಾರ್ಥಿ ಸೇವಕನ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತೇವೆ. ದಾನ ಮಾಡಿದ ಕ್ಷಣದಲ್ಲಿ ದಾನಿ ತಾನಾಗಿಯೇ ಆ ಎತ್ತರದ ಅಳತೆಕೋಲಿನ ಕೆಳಗೆ ಬಂದು ನಿಲ್ಲುತ್ತಾನೆ. ಏನನ್ನೂ ಕೊಡದೆ ಸಾಲ ಮುಳುಗಿಸಿದ ಉದ್ಯಮಿಗಳು ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಹೆಚ್ಚಿನವರ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ.

ಇದರಲ್ಲಿ ಅನ್ಯಾಯವೂ ಇದೆ, ವಿವೇಕವೂ ಇದೆ. ದಾನದಿಂದ ದಾನಿಗೆ ಮರ್ಯಾದೆ ಸಿಗುತ್ತದೆ, ಮರ್ಯಾದೆಯಿಂದ ಸಾಲ ಸಿಗುತ್ತದೆ, ರಾಜ್ಯಸಭೆಯ ಸೀಟು ಸಿಗುತ್ತದೆ, ಬೇಕಾದಾಗ ಅಧಿಕಾರಿಗಳ ಸೌಜನ್ಯ ಸಿಗುತ್ತದೆ. ಮಲ್ಯ 2002ರಲ್ಲಿ ಮತ್ತು 2010ರಲ್ಲಿ ಎರಡು ಬಾರಿ ಕರ್ನಾಟಕದಿಂದಲೇ ಪಕ್ಷೇತರರಾಗಿ ರಾಜ್ಯಸಭೆಗೆ ಹೋದರು, ಮತ್ತು ಬೇರೆ ಬೇರೆ ಪಕ್ಷಗಳ ಶಾಸಕರು ಅವರಿಗೆ ಮತ ಕೊಟ್ಟರು. ಕೊಡುಗೈಯ ಹೆಸರು ಬಂಡವಾಳವಾಗಿ ದುಡಿಯುತ್ತದೆ ಎಂಬುದನ್ನು ಜನ ಯಾವ ಅಧ್ಯಯನವನ್ನೂ ಓದದೆಯೇ ಬಲ್ಲರು. ಅವರ ಅನುಮಾನದ ಬೇರು ಅಲ್ಲಿದೆ.

ಆದರೆ ಉದ್ದೇಶವನ್ನು ಸಾಬೀತು ಮಾಡುವುದು ಯಾರಿಂದಲೂ ಆಗದ ಕೆಲಸ. ಮಲ್ಯರಿಗೆ ಅಯ್ಯಪ್ಪನ ಮೇಲೆ ನಿಜವಾದ ಭಕ್ತಿ ಇದ್ದಿರಬಹುದು. ಪ್ರಚಾರದ ಆಸೆಯೂ ಇದ್ದಿರಬಹುದು. ಎರಡೂ ಒಟ್ಟಿಗೆ ಇದ್ದಿರಬಹುದು. ಈ ಪ್ರಶ್ನೆಯ ಮೇಲೆ ನಡೆಯುವ ಜಗಳಕ್ಕೆ ಕೊನೆ ಇರದಿರುವುದು ಅದಕ್ಕೇ. ಸಾಕ್ಷ್ಯ ಸಿಗುವ ಪ್ರಶ್ನೆಗಳು ಬೇರೆ ಇವೆ.

ಹಣ ಯಾವ ಕಾಲದ್ದು?

ಮೊದಲನೆಯದು, ಕೊಟ್ಟದ್ದು ಅವನದೇ ಆಗಿತ್ತೇ? ಇದಕ್ಕೆ ಉತ್ತರ ಸಿಗುವುದು ಕ್ಯಾಲೆಂಡರಿನಲ್ಲಿ.

ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ಆರಂಭಿಸಿದ್ದು 2005ರ ಮೇ ತಿಂಗಳಲ್ಲಿ. ಮಲ್ಯರ ಮೇಲಿನ ಬ್ಯಾಂಕ್ ಸಾಲದ ಪ್ರಕರಣಗಳೆಲ್ಲ ಆ ಸಂಸ್ಥೆಗೆ ಸಂಬಂಧಿಸಿದವು. ಶಬರಿಮಲೆಯ ಚಿನ್ನ ಬಂದದ್ದು ಅದಕ್ಕೂ ಏಳು ವರ್ಷ ಮೊದಲು. ಹಾಗಾಗಿ ‘ಬ್ಯಾಂಕಿನ ಹಣದ ಚಿನ್ನ’ ಎಂಬ ಮಾತು 1998ಕ್ಕೆ ಹೊಂದುವುದಿಲ್ಲ. ಮದ್ಯದ ಲಾಭದ ಬಗ್ಗೆ ನೈತಿಕ ಆಕ್ಷೇಪ ಇರುವವರು ಅದನ್ನು ಹೇಳಲಿ. ಆದರೆ ಅಬಕಾರಿ ಸುಂಕದಿಂದ ಬೊಕ್ಕಸ ತುಂಬಿಕೊಳ್ಳುವ ಸರ್ಕಾರಗಳ ಕೈಕೆಳಗಿನ ದೇವಸ್ವಂ, ಮುಜರಾಯಿ ಇಲಾಖೆಗಳಿಂದ ಆ ಆಕ್ಷೇಪ ಬಂದರೆ ಕೇಳಲು ಕಷ್ಟ.

2012ರ ಚಿನ್ನದ ಸ್ಥಿತಿ ಬೇರೆ. ಅದು ಕಳವಿನ ಚಿನ್ನ ಎನ್ನಲು ಆಧಾರವಿಲ್ಲ. ಆದರೆ ಸಂಬಳ ಕೊಡಬೇಕಿದ್ದ, ಸಾಲ ತೀರಿಸಬೇಕಿದ್ದ ಹೊತ್ತಿನಲ್ಲಿ ಕೊಟ್ಟದ್ದು. ಇಲ್ಲಿ ಕಾನೂನಿಗೂ ಲೋಕನೀತಿಗೂ ಹೆಚ್ಚು ಅಂತರವಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೆಯ ಕಲಂ, ಸಾಲ ಕೊಟ್ಟವರ ಹಕ್ಕನ್ನು ತಪ್ಪಿಸುವ ಉದ್ದೇಶದಿಂದ ಸ್ಥಿರಾಸ್ತಿ ವರ್ಗಾಯಿಸಿದರೆ ಅವರು ಅದನ್ನು ರದ್ದು ಮಾಡಿಸಬಹುದು ಎನ್ನುತ್ತದೆ. ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರಿಗೆ ಅಲ್ಲಿ ರಕ್ಷಣೆಯಿದೆ. ದಾನ ಪಡೆದವರು ಬೆಲೆ ಕೊಟ್ಟಿರುವುದಿಲ್ಲವಾದ್ದರಿಂದ ಅವರಿಗೆ ಆ ರಕ್ಷಣೆ ಇಲ್ಲ.

ಮಲ್ಯರ ವಿಷಯದಲ್ಲೇ ಈ ತತ್ವದ ಖಾರ ಕಂಡದ್ದು ಇನ್ನೊಂದು ಪ್ರಕರಣದಲ್ಲಿ. ಬ್ರಿಟನ್ನಿನ ಮದ್ಯ ಕಂಪನಿ ಡಿಯಾಜಿಯೊದಿಂದ ಬಂದ ಹಣದಲ್ಲಿ 4 ಕೋಟಿ ಡಾಲರನ್ನು ಅವರು ತಮ್ಮ ಮಕ್ಕಳಿಗೆ ವರ್ಗಾಯಿಸಿದ್ದರು, ಅದೂ ಆಸ್ತಿ ಪರಭಾರೆ ಮಾಡಬಾರದೆಂಬ ನ್ಯಾಯಾಲಯದ ಆದೇಶ ಇದ್ದಾಗ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಂಗ ನಿಂದನೆಗಾಗಿ ಅವರಿಗೆ ನಾಲ್ಕು ತಿಂಗಳ ಶಿಕ್ಷೆ ವಿಧಿಸಿತು, ಆ ವರ್ಗಾವಣೆಯನ್ನು ಅಸಿಂಧು ಎಂದಿತು, ಹಣವನ್ನು ಬಡ್ಡಿ ಸಮೇತ ಮರಳಿಸಲು ಹೇಳಿತು. ಹೊತ್ತು ತಪ್ಪಿದರೆ ಸ್ವಂತ ಮಕ್ಕಳಿಗೂ ಕೊಡುವಂತಿಲ್ಲ.

ಈ ವಿಚಾರ ಬ್ರಿಟಿಷರು ತಂದದ್ದೂ ಅಲ್ಲ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಅದರಲ್ಲಿ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬುದಕ್ಕೇ ಒಂದು ಪ್ರಕರಣವಿದೆ. ತನ್ನದನ್ನು, ಕುಟುಂಬದ ಪೋಷಣೆಗೆ ಅಡ್ಡಿಯಾಗದಂತೆ ಕೊಡಬಹುದು. ನಂಬಿ ಇಟ್ಟ ನ್ಯಾಸ, ಅಡವು, ಬಳಸಲೆಂದು ಎರವಲು ತಂದದ್ದು, ಇವು ಕೊಡಬಾರದವು. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆ ಹುಟ್ಟಿದ ನಾಡಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಲ್ಲಿ ಒಂದು ಗೊಂದಲವನ್ನೂ ಬಗೆಹರಿಸಬೇಕು. ಮಲ್ಯರಿಗೆ ಸೇರಿದ 14,131.6 ಕೋಟಿ ರೂಪಾಯಿ ಮೌಲ್ಯದ ಆಸ್ತಿಯನ್ನು ಬ್ಯಾಂಕುಗಳಿಗೆ ಮರಳಿಸಲಾಗಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರಲ್ಲಿ ನಿಗದಿ ಮಾಡಿದ್ದು 6,203 ಕೋಟಿ ಮತ್ತು ವಾರ್ಷಿಕ ಶೇ 11.5 ಬಡ್ಡಿ. ಎರಡು ಪಟ್ಟು ವಸೂಲಿ ಮಾಡಿದ್ದಾರೆ, ಲೆಕ್ಕ ಕೊಡಿ ಎಂದು ಮಲ್ಯ 2025ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋದರು. ಅದೇ ವರ್ಷ ಜೂನ್‌ನಲ್ಲಿ ಪ್ರಸಾರವಾದ ಗಂಟೆಗಟ್ಟಲೆಯ ಸಂದರ್ಶನದಲ್ಲಿ ನೌಕರರ ಕ್ಷಮೆಯನ್ನೂ ಕೇಳಿದರು. ಲೆಕ್ಕ ಕೇಳುವುದು ಅವರ ಹಕ್ಕು, ಬ್ಯಾಂಕುಗಳು ಕೊಡಬೇಕು. ಆದರೆ ಜಪ್ತಿಯಾದ ಆಸ್ತಿಯಿಂದ ಬಂದ ವಸೂಲಿಯನ್ನು ಪ್ರಾಯಶ್ಚಿತ್ತವೆಂದು ಓದುವವರು ಕೊಡುವುದಕ್ಕೂ ಕಿತ್ತುಕೊಳ್ಳಲ್ಪಡುವುದಕ್ಕೂ ಇರುವ ವ್ಯತ್ಯಾಸವನ್ನು ಮರೆಯುತ್ತಾರೆ.

ಬಳ್ಳಾರಿಯಿಂದ ಹೋದ ಕಿರೀಟ

ಇದೇ ಪ್ರಶ್ನೆಯನ್ನು ಕರ್ನಾಟಕ ಇನ್ನೂ ತೀಕ್ಷ್ಣವಾಗಿ ಎದುರಿಸಿದ್ದಿದೆ. 2009ರ ಜೂನ್‌ನಲ್ಲಿ ಆಗಿನ ಪ್ರವಾಸೋದ್ಯಮ ಸಚಿವ ಗಾಲಿ ಜನಾರ್ದನ ರೆಡ್ಡಿ ತಿರುಮಲದ ವೆಂಕಟೇಶ್ವರನಿಗೆ ವಜ್ರಖಚಿತ ಕಿರೀಟ ಅರ್ಪಿಸಿದರು. ಬೆಲೆ 40 ಕೋಟಿಗೂ ಹೆಚ್ಚು ಎಂದು ಅಂದು ವರದಿಯಾಗಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂತು, ಸೆಪ್ಟೆಂಬರ್‌ನಲ್ಲಿ ಸಿಬಿಐ ರೆಡ್ಡಿಯವರನ್ನು ಬಂಧಿಸಿತು. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಅವರಿಗೆ ಏಳು ವರ್ಷ ಶಿಕ್ಷೆ ವಿಧಿಸಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಕಿರೀಟ ಕೊಟ್ಟದ್ದೂ ಗಣಿಯ ವ್ಯವಹಾರ ಜೋರಾಗಿದ್ದದ್ದೂ ಒಂದೇ ಕಾಲ. ಕಾಲದ ಅಳತೆಕೋಲಿನಲ್ಲಿ ಇದು ಶಬರಿಮಲೆಯ ಚಿನ್ನಕ್ಕಿಂತ ಹೆಚ್ಚು ಕಠಿಣ ಪ್ರಶ್ನೆ ಕೇಳಿಸಿಕೊಳ್ಳಬೇಕಾದ ದಾನ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ, ಅಪರಾಧದಿಂದ ಬಂದದ್ದೆಂದು ತೋರಿಸಲಾದ ಆಸ್ತಿ ಮೂರನೆಯವರ ಕೈಯಲ್ಲಿದ್ದರೂ ಜಪ್ತಿ ಸಾಧ್ಯ. ಕಾಗದದ ಮೇಲೆ ದೇವರೂ ಮೂರನೆಯವನೇ. ಆದರೆ ದೇವರ ತಲೆಯಿಂದ ಕಿರೀಟ ಇಳಿಸುವ ಅರ್ಜಿಗೆ ಸಹಿ ಹಾಕಲು ಯಾವ ಅಧಿಕಾರಿಗೆ ಕೈ ಬಂದೀತು? ದೇವಸ್ಥಾನಕ್ಕೆ ಹೋದ ಹಣ ಒಂದು ಬಗೆಯಲ್ಲಿ ಕಾನೂನಿನ ಕೈಗೆಟುಕದ ಕಪಾಟು ಸೇರಿದಂತೆ. ಜನರ ಅನುಮಾನಕ್ಕೆ ಇದೂ ಒಂದು ಕಾರಣ, ಮತ್ತು ಇದು ನ್ಯಾಯವಾದ ಕಾರಣ.

ಹೆಸರು ಕಿತ್ತರೆ ಏನಾಗುತ್ತದೆ

ಬೇರೆ ದೇಶಗಳಲ್ಲಿ ಕಳಂಕಿತ ದಾನದ ಚರ್ಚೆ ಹೆಸರುಫಲಕದ ಸುತ್ತ ನಡೆದಿದೆ. ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯಿಂದ ಅಮೆರಿಕದಲ್ಲಿ ವ್ಯಸನ ಹರಡಿತೆಂಬ ಆರೋಪ ಹೊತ್ತ ಪರ್ಡ್ಯೂ ಫಾರ್ಮಾ ಕಂಪನಿಯ ಒಡೆಯರು ಸ್ಯಾಕ್ಲರ್ ಕುಟುಂಬದವರು, ಕಲೆಗೆ ಧಾರಾಳವಾಗಿ ಕೊಟ್ಟವರು. 2019ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಬರಬೇಕಿದ್ದ 10 ಲಕ್ಷ ಪೌಂಡ್‌ನ ದೇಣಿಗೆ ಕೈಬಿಟ್ಟುಹೋಯಿತು, ಪ್ಯಾರಿಸ್ಸಿನ ಲೂವ್ರ್ ಆ ಹೆಸರನ್ನು ತೆಗೆಯಿತು. 2021ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ತನ್ನ ಏಳು ಜಾಗಗಳಿಂದ ಹೆಸರು ಅಳಿಸಿತು.

ಅಲ್ಲೂ ಕ್ಯಾಲೆಂಡರಿನ ತಕರಾರು ಎದ್ದಿತು. ಮೆಟ್ರೊಪಾಲಿಟನ್‌ನ ಆ ವಿಭಾಗ ತೆರೆದದ್ದು 1978ರಲ್ಲಿ, ಮಾತ್ರೆ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಸೋದರರಲ್ಲಿ ಹಿರಿಯ ಆರ್ಥರ್ ಸ್ಯಾಕ್ಲರ್ 1987ರಲ್ಲೇ ತೀರಿಕೊಂಡಿದ್ದರು. ಹೆಸರು ಅಳಿಸಿದ್ದರಿಂದ ಮೃತರ ಕುಟುಂಬಗಳಿಗೆ ಒಂದು ಬಗೆಯ ಸಮಾಧಾನ ಸಿಕ್ಕಿತು, ಕಟ್ಟಡ ಅಲ್ಲೇ ಉಳಿಯಿತು. ಕೊಟ್ಟವನ ಕೀರ್ತಿಯನ್ನು ಹಿಂಪಡೆಯುವ ಈ ದಾರಿ ದಾನಿಗೆ ದಾನದಿಂದ ಬರುವ ಲಾಭವನ್ನು ಕಡಿಯುತ್ತದೆ. ಆ ಮಟ್ಟಿಗೆ ಅದು ಕೆಲಸದ ದಾರಿ.

ಆದರೆ ಶಬರಿಮಲೆ ಇದಕ್ಕೆ ಒಂದು ಅಡ್ಡಪ್ರಶ್ನೆ ಹಾಕುತ್ತದೆ. 1998ರ ಕೆಲಸ ಬಹಿರಂಗವಾಗಿ ನಡೆದಿತ್ತು. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವುದಕ್ಕೆ ಹೊದಿಸಿದರು ಎಂಬುದು ಸುದ್ದಿಯಾಗಿತ್ತು. 2019ರ ಕಾಗದ ‘ತಾಮ್ರ’ ಎಂದಾಗ ಅದನ್ನು ಎದುರಿಸಿ ನಿಂತದ್ದು ಆ ಬಹಿರಂಗ ನೆನಪು. ಅಷ್ಟೇ ಚಿನ್ನವನ್ನು ಯಾರೋ ಗುಪ್ತದಾನವಾಗಿ ಕೊಟ್ಟಿದ್ದರೆ ತಾಮ್ರ ತಾಮ್ರವಾಗಿಯೇ ಉಳಿಯುವ ಸಂಭವ ಹೆಚ್ಚಿತ್ತು. ಯಾವ ಆಡಂಬರವನ್ನು ನಾವು ದಾನಿಯ ಸಣ್ಣತನವೆಂದು ಹಂಗಿಸುತ್ತೇವೋ ಅದೇ ಇಲ್ಲಿ ಸಾಕ್ಷಿಯಾಗಿ ಒದಗಿತು!

ಶಾಸನಗಳು ಯಾರನ್ನು ಶಪಿಸಿದವು

ಕರ್ನಾಟಕದ ಊರೂರಿನಲ್ಲಿ ದಾನಶಾಸನಗಳಿವೆ. ಅವುಗಳ ದಾನಿಗಳೇನು ಪರಿಶುದ್ಧರಾಗಿರಲಿಲ್ಲ. ಯುದ್ಧದಲ್ಲಿ ಗೆದ್ದ ನೆಲ, ಸೋತವರಿಂದ ಬಂದ ಕಪ್ಪ, ಬಿಗಿಯಾಗಿ ವಸೂಲಿ ಮಾಡಿದ ಸುಂಕ, ಇವೆಲ್ಲ ದೇವರ ಹೆಸರಿಗೆ ಬರೆದುಕೊಡಲ್ಪಟ್ಟವು. ಶಾಸನ ದಾನಿಯನ್ನು ಹೊಗಳಿ ಹೊಗಳಿ ಸುಸ್ತಾಗಿ, ಕೊನೆಗೆ ಬಂದಾಗ ದನಿ ಬದಲಿಸುತ್ತದೆ. ಅಲ್ಲಿ ಬರುವ ಶಾಪ ದತ್ತಿಯನ್ನು ಅಪಹರಿಸಿದವನಿಗೆ. ತಾನು ಕೊಟ್ಟದ್ದಿರಲಿ ಬೇರೆಯವರು ಕೊಟ್ಟದ್ದಿರಲಿ, ಅದನ್ನು ಕಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗುತ್ತಾನೆ. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಅವನಿಗೆ ತಟ್ಟುತ್ತದೆ. ಅದಕ್ಕಿಂತಲೂ ಗಮನಿಸಬೇಕಾದ ಇನ್ನೊಂದು ಶ್ಲೋಕ ಹಲವು ಶಾಸನಗಳಲ್ಲಿ ಬರುತ್ತದೆ: ಕೊಡುವುದು, ಕಾಯುವುದು ಇವೆರಡರಲ್ಲಿ ಕಾಯುವುದೇ ಮೇಲು. ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಎಂದೂ ಜಾರದ ಪದವಿ.

ಶಾಸನ ಬರೆಸಿದವರಿಗೆ ವ್ಯವಹಾರ ಗೊತ್ತಿತ್ತು. ದಾನ ಒಂದು ದಿನದ ಕೆಲಸ, ಕಾಯುವುದು ತಲೆಮಾರುಗಳ ಕೆಲಸ. ಕಳವಿಗೆ ಅವಕಾಶ ಸಿಗುವುದು ಎರಡನೆಯದರಲ್ಲಿ. ಇಂದು ನಾವು ತಿರುಗಿಸಿ ಮಾಡಿದ್ದೇವೆ. ಕೊಟ್ಟವನ ಚರಿತ್ರೆಯನ್ನು ಜಾಲಾಡುತ್ತೇವೆ, ಕಾಯುವವನ ನೇಮಕಾತಿ ಹೇಗಾಯಿತು, ಅವನು ಯಾವ ಪಕ್ಷದ ಕಡೆಯವನು, ಅವನು ಬರೆದ ಮಹಜರಿನಲ್ಲಿ ಏನಿದೆ ಎಂಬುದನ್ನು ಕೇಳುವುದಿಲ್ಲ. 2019ರಲ್ಲಿ ತಗಡುಗಳು ಹೊರಟಾಗ ಅವುಗಳ ಜೊತೆ ಒಬ್ಬ ಗುಮಾಸ್ತ ಸರಿಯಾದ ಪಟ್ಟಿ ಹಿಡಿದು ನಿಂತಿದ್ದರೆ ಸಾಕಿತ್ತು.

ಸಂಸ್ಥೆಗಳ ಮುಂದಿರುವ ದಾರಿಗಳು

ವಿವಾದಿತರಿಂದ ದಾನವನ್ನೇ ಪಡೆಯಬಾರದು ಎಂಬ ನಿಯಮ ಕೇಳಲು ಚೆನ್ನ. ಜಾರಿಗೆ ತಂದರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಕೌಂಟರಿನಲ್ಲಿ ಬೇಡವೆಂದ ಹಣ ಹುಂಡಿಗೆ ಬೀಳುತ್ತದೆ. ಹುಂಡಿ ಯಾರ ಹೆಸರನ್ನೂ ಕೇಳುವುದಿಲ್ಲ. ಹಣದ ಮೂಲದ ಸುಳಿವು ಅಲ್ಲಿಗೆ ಮುಗಿಯುತ್ತದೆ, ಮುಂದೊಂದು ದಿನ ತನಿಖೆ ಬಂದರೂ ಹುಡುಕಲು ಏನೂ ಉಳಿದಿರುವುದಿಲ್ಲ. ಆಸ್ಪತ್ರೆ, ಶಾಲೆಗಳ ವಿಷಯದಲ್ಲಿ ನಷ್ಟ ಇನ್ನೂ ನೇರ: ದಾನಿಯ ಪಾಪಕ್ಕೆ ರೋಗಿ ದಂಡ ತೆರುತ್ತಾನೆ.

ಏನನ್ನೂ ಕೇಳದೆ ಪಡೆಯುವುದು ಇನ್ನೊಂದು ತುದಿ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುವ ಗಾದೆಯ ಆಶ್ರಯದಲ್ಲಿ ನಮ್ಮ ಬಹುಪಾಲು ಸಂಸ್ಥೆಗಳು ಇರುವುದು ಇಲ್ಲೇ. ಹಲ್ಲು ಎಣಿಸದವರು ಮುಂದೆ ಎಮ್ಮೆಯನ್ನೂ ಎಣಿಸುವುದಿಲ್ಲ ಎಂಬುದು ಶಬರಿಮಲೆಯಲ್ಲಿ ಕಂಡಿತು. ಮೂಲದ ಬಗ್ಗೆ ಪ್ರಶ್ನೆ ಕೇಳದ ಅಭ್ಯಾಸವೂ ಪಡೆದದ್ದರ ಲೆಕ್ಕ ಇಡದ ಅಭ್ಯಾಸವೂ ಒಂದೇ ಕಚೇರಿಯ ಅಭ್ಯಾಸಗಳು. ಪ್ರಶ್ನೆ ಕೇಳದೆ ದೊಡ್ಡ ದಾನಿಯನ್ನು ಒಳಗೆ ಬಿಟ್ಟ ಕಚೇರಿ, ಖರ್ಚು ನನ್ನದು ಎಂದು ಬಂದ ಪ್ರಾಯೋಜಕನನ್ನೂ ಪ್ರಶ್ನೆ ಕೇಳದೆ ಒಳಗೆ ಬಿಟ್ಟಿತು. ಉಪಕಾರ ಮಾಡುವವನನ್ನು ತಪಾಸಣೆ ಮಾಡುವುದು ಅಗೌರವ ಎಂಬ ಸಂಕೋಚ ಎರಡೂ ಕಡೆ ಕೆಲಸ ಮಾಡಿತು.

ಇವೆರಡರ ನಡುವೆ ನಡೆಯುವ ದಾರಿ ಮಂದ, ಕಚೇರಿಯ ಕೆಲಸದಂಥದ್ದು. ದೊಡ್ಡ ದಾನ ಬಂದಾಗ ದಾನಿಯ ಮೇಲೆ ಸಂಬಳ ಬಾಕಿ, ಸಾಲ ಬಾಕಿ, ನಡೆಯುತ್ತಿರುವ ಪ್ರಕರಣ ಇವೆಯೇ ಎಂದು ನೋಡುವುದು. ಇದ್ದರೆ ನ್ಯಾಯಾಲಯ ಹೇಳುವವರೆಗೆ ಅದನ್ನು ಬೇರೆಯಾಗಿ, ಕರಗಿಸದೆ, ಮಾರದೆ ಇಡುವುದು. ಫಲಕ, ಸನ್ಮಾನ, ವಿಶೇಷ ದರ್ಶನ ಕೊಡದಿರುವುದು. ತೂಕ, ಗುಣಮಟ್ಟ, ಫೋಟೊ ಸಮೇತ ವಿವರವನ್ನು ಸಾರ್ವಜನಿಕರು ನೋಡುವಂತೆ ಪ್ರಕಟಿಸುವುದು. ಇದರಿಂದ ದಾನಿಯ ಹೃದಯ ಪರಿಶುದ್ಧವಾಗುವುದಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ. ಪ್ರಚಾರಕ್ಕಾಗಿ ಕೊಡುವವನಿಗೆ ಪ್ರಚಾರ ಸಿಗದೆ ಹೋಗುತ್ತದೆ, ಕೊಟ್ಟದ್ದು ಮಾತ್ರ ಉಳಿಯುತ್ತದೆ.

ಕೇರಳ ಹೈಕೋರ್ಟ್ ತನಿಖೆಯ ಜೊತೆಗೆ ಇನ್ನೊಂದು ಆದೇಶವನ್ನೂ ನೀಡಿತು. ನಿವೃತ್ತ ನ್ಯಾಯಮೂರ್ತಿ ಕೆ.ಟಿ. ಶಂಕರನ್ ಅವರ ಉಸ್ತುವಾರಿಯಲ್ಲಿ ಶಬರಿಮಲೆಯ ಬೆಲೆಬಾಳುವ ವಸ್ತುಗಳೆಲ್ಲದರ ಪಟ್ಟಿ ತಯಾರಾಗಬೇಕು ಎಂದಿತು. ಬಂಧನಗಳಷ್ಟು ಸದ್ದು ಮಾಡದ ಈ ಆದೇಶವೇ ಪ್ರಕರಣದ ಹೆಚ್ಚು ಉಪಯೋಗದ ಭಾಗ. ನಮ್ಮ ಮುಜರಾಯಿ ದೇವಸ್ಥಾನಗಳಿಗೆ ಹರಕೆಯಾಗಿ ಬಂದ ಬೆಳ್ಳಿ ಬಾಗಿಲು, ಚಿನ್ನದ ರಥ, ಕಿರೀಟಗಳ ತೂಕದ ಪಟ್ಟಿಯನ್ನು ಕೊನೆಯ ಬಾರಿ ಯಾವಾಗ ತಾಳೆ ನೋಡಲಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಲು ಅರ್ಜಿ ಶುಲ್ಕ 10 ರೂಪಾಯಿ.